ಓಪಿಡಿ ಅಪಾಯಿಂಟ್‌ಮೆಂಟ್ ಸಾಫ್ಟ್‌ವೇರ್: ಕೌಂಟರ್‌ಗೆ ಸರಿ, ವೇಟಿಂಗ್ ಲಿಸ್ಟ್‌ಗೆ ಸಾಲದು

ಬೆಂಗಳೂರಿನ ಒಂದು ಮಧ್ಯಮ ಗಾತ್ರದ ಆಸ್ಪತ್ರೆಯಲ್ಲಿ ಓಪಿಡಿ, ಅಂದರೆ ಹೊರರೋಗಿ ವಿಭಾಗದ ಅಪಾಯಿಂಟ್‌ಮೆಂಟ್ ನೋಡಿಕೊಳ್ಳುವುದು ನನ್ನ ಕೆಲಸ. 2023ರ ಆರಂಭದಲ್ಲಿ ನಮ್ಮಲ್ಲಿಗೆ ಈ ಸಾಫ್ಟ್‌ವೇರ್ ಬಂತು. ಅದಕ್ಕೂ ಮುಂಚೆ ಇದ್ದದ್ದು ಒಂದು ದಪ್ಪ ರಿಜಿಸ್ಟರ್, ಒಂದು ಎಕ್ಸೆಲ್ ಶೀಟ್, ಸದಾ ಎಂಗೇಜ್ ಇರುತ್ತಿದ್ದ ಲ್ಯಾಂಡ್‌ಲೈನ್. ಕಂಪನಿಯ ಹೆಸರು ಬರೆಯುತ್ತಿಲ್ಲ, ಆಸ್ಪತ್ರೆಯವರು ಒಪ್ಪುವುದಿಲ್ಲ. ಆದರೆ ಬೇರೆಯವರ ಡೆಮೋಗಳನ್ನೂ ನೋಡಿದ್ದೇನೆ, ಹೆಚ್ಚುಕಡಿಮೆ ಎಲ್ಲ ಒಂದೇ ತರಹ ಇವೆ. ಹಾಗಾಗಿ ಕೊಳ್ಳಲು ಹೊರಟವರಿಗೆ ಇದು ಉಪಯೋಗಕ್ಕೆ ಬಂದೀತು.

ಐದಕ್ಕೆ ಮೂರು ಸ್ಟಾರ್. ಕೌಂಟರ್ ಕೆಲಸಕ್ಕೆ ಮಾತ್ರ ಆಗಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ.

ಮೊದಲು ಒಳ್ಳೆಯದು. ಬೆಳಗಿನ ಕ್ಯೂ ಕರಗಿದೆ. ಟೋಕನ್ ಪರದೆ ಮೇಲೆ ಬರುತ್ತದೆ, ಕೂಗಬೇಕಾಗಿಲ್ಲ. ಆಭಾ (ಕೇಂದ್ರ ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆ) ಕ್ಯೂಆರ್ ಜೋಡಿಸಿದ ಮೇಲಂತೂ ಹೆಸರು ಟೈಪ್ ಮಾಡುವ ಗೋಳು ಕಮ್ಮಿಯಾಯಿತು. 2022ರ ಅಕ್ಟೋಬರ್‌ನಲ್ಲಿ ದೇಶದಲ್ಲಿ ಶುರುವಾದ ಸ್ಕ್ಯಾನ್ ಅಂಡ್ ಶೇರ್ ಸೌಲಭ್ಯ ಇದು. ರೋಗಿ ತನ್ನ ಮೊಬೈಲಿನಲ್ಲಿ ಕೌಂಟರಿನ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಹೆಸರು, ವಯಸ್ಸು, ವಿಳಾಸ, 14 ಅಂಕಿಯ ಆಭಾ ನಂಬರ್ ಎಲ್ಲ ತಾನಾಗಿ ಬರುತ್ತದೆ, ಟೋಕನ್ನೂ ಸಿಗುತ್ತದೆ. ಇದರ ಬೆಲೆ ಗೊತ್ತಾಗಬೇಕಾದರೆ ನಮ್ಮ ಕಡೆಯ ಹೆಸರುಗಳನ್ನು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ನೋಡಬೇಕು. ಲಕ್ಷ್ಮಮ್ಮನವರಿಗೆ ಒಬ್ಬರು ಕೆಎಸ್ ಹಾಕುತ್ತಾರೆ, ಇನ್ನೊಬ್ಬರು ಎಕ್ಸ್. ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಹುಟ್ಟಿದ ದಿನ ನೋಡೋಣ ಅಂದರೆ ಹಳ್ಳಿ ಕಡೆಯ ಹಿರಿಯರಲ್ಲಿ ಎಷ್ಟೋ ಜನ ಆಧಾರ್ ಪ್ರಕಾರ ಜನವರಿ 1ಕ್ಕೇ ಹುಟ್ಟಿದವರು! ಒಬ್ಬರಿಗೇ ಎರಡು ಯುಎಚ್‌ಐಡಿ (ಆಸ್ಪತ್ರೆ ಕೊಡುವ ರೋಗಿಯ ನಂಬರ್) ಆಗಿ, ಹಳೇ ರಿಪೋರ್ಟ್ ಒಂದರಲ್ಲಿ, ಹೊಸ ಬಿಲ್ ಇನ್ನೊಂದರಲ್ಲಿ ಕೂತಿರುತ್ತಿತ್ತು. ಈಗ ಅಂಥದ್ದು ಅಪರೂಪ. ಸ್ಮಾರ್ಟ್‌ಫೋನ್ ಇಲ್ಲದವರಿಗೆ ಹಳೇ ಕೌಂಟರ್ ಹಾಗೇ ಇದೆ, ಇರಲೇಬೇಕು.

ಎಸ್‌ಎಂಎಸ್ ವಿಷಯಕ್ಕೆ ಬಂದರೆ ಮೊದಲ ಕೆಲವು ತಿಂಗಳು ಎಲ್ಲ ಇಂಗ್ಲಿಷ್‌ನಲ್ಲೇ ಹೋಗುತ್ತಿತ್ತು. ಕನ್ನಡದಲ್ಲಿ ಕಳಿಸಿ ಅಂದರೆ ಖರ್ಚಿನ ಮಾತು ಬಂತು. ಅದು ಸುಳ್ಳಲ್ಲ. ಇಂಗ್ಲಿಷ್ ಆದರೆ ಒಂದು ಎಸ್‌ಎಂಎಸ್‌ನಲ್ಲಿ 160 ಅಕ್ಷರ ಹಿಡಿಯುತ್ತದೆ, ಕನ್ನಡ ಲಿಪಿಯಾದರೆ 70 ಮಾತ್ರ. ಅದರಲ್ಲೂ ಒತ್ತು, ಗುಣಿತ ಎಲ್ಲದಕ್ಕೂ ಬೇರೆ ಲೆಕ್ಕ. ‘ಆಸ್ಪತ್ರೆ’ ಅನ್ನುವಷ್ಟರಲ್ಲೇ 8 ಖರ್ಚು. 70 ದಾಟಿದರೆ ಎರಡು ಮೆಸೇಜಿನ ದುಡ್ಡು. ಸಾಲದ್ದಕ್ಕೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2018ರ ನಿಯಮದ ಪ್ರಕಾರ ಪ್ರತಿ ಮೆಸೇಜಿನ ಮಾದರಿಯನ್ನೂ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಎಂಬ ನೋಂದಣಿ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಒಂದು ಪದ ಬದಲಿಸಿದರೂ ಮತ್ತೆ ಒಪ್ಪಿಗೆ ಪಡೆಯಬೇಕು. ಕೊನೆಗೆ ‘ಆತ್ಮೀಯ ಗ್ರಾಹಕರೇ’, ‘ಧನ್ಯವಾದಗಳು’ ಎಲ್ಲ ಕಿತ್ತು ಹಾಕಿ ಡಾಕ್ಟರ ಹೆಸರು, ದಿನ, ಸಮಯ ಅಷ್ಟೇ ಉಳಿಸಿದೆವು. ಆಮೇಲೆ ‘ಇವತ್ತಾ, ನಾಳೆನಾ ಮೇಡಂ?’ ಅನ್ನುವ ಫೋನ್‌ಗಳು ಎದ್ದು ಕಾಣುವಷ್ಟು ಕಮ್ಮಿಯಾದವು.

ಆದರೆ ಮೆಸೇಜ್ ಹೋಗುವುದು ಯಾರ ಫೋನಿಗೆ? ರೋಗಿ ಮಧುಗಿರಿಯಲ್ಲಿ, ನಂಬರ್ ಪೀಣ್ಯದಲ್ಲಿ ಕೆಲಸ ಮಾಡುವ ಮಗನದ್ದು. ಮಗ ಶಿಫ್ಟ್ ಮುಗಿಸಿ ನೋಡುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಒಬ್ಬ ರೋಗಿಗೆ ಎರಡು ನಂಬರ್ ಹಾಕುವ ಜಾಗ ಸಾಫ್ಟ್‌ವೇರ್‌ನಲ್ಲಿದೆ, ಮೆಸೇಜ್ ಮಾತ್ರ ಮೊದಲನೆಯದಕ್ಕೇ ಹೋಗುತ್ತದೆ. ಯಾಕೆ ಅಂತ ಕೇಳಿದರೆ ‘ನೋಟ್ ಮಾಡ್ಕೊಂಡಿದ್ದೀವಿ’ ಅನ್ನುತ್ತಾರೆ.

ಈಗ ವೇಟಿಂಗ್ ಲಿಸ್ಟ್. ನಮ್ಮಲ್ಲಿ ಕೀಲುವಾತದ ಡಾಕ್ಟರು ವಾರಕ್ಕೆ ಎರಡೇ ಮಧ್ಯಾಹ್ನ ಬರುತ್ತಾರೆ. ಹೊಸ ರೋಗಿಗಳು ವಾರಗಟ್ಟಲೆ ಕಾಯಬೇಕು. ಯಾರಾದರೂ ಕ್ಯಾನ್ಸಲ್ ಮಾಡಿದರೆ ಲಿಸ್ಟ್‌ನಲ್ಲಿ ಮೊದಲಿರುವವರಿಗೆ ತಾನೇ ಮೆಸೇಜ್ ಹೋಗುತ್ತದೆ, ಎರಡು ಗಂಟೆಯೊಳಗೆ ಉತ್ತರ ಬರದಿದ್ದರೆ ಮುಂದಿನವರಿಗೆ. ಕೇಳಲು ಚೆಂದ ಅಲ್ವಾ? ಕ್ಯಾನ್ಸಲ್ ಆಗುವುದು ಹಿಂದಿನ ದಿನ ಸಂಜೆ. ಮೊದಲಿರುವವರು ಚಿಂತಾಮಣಿ, ಎರಡನೆಯವರು ಹೊಸಕೋಟೆ ಆಚೆ, ಮೂರನೆಯವರು ಅನಂತಪುರ. ಎರಡೆರಡು ಗಂಟೆ ಕಾದು ಕಾದು ಮಧ್ಯರಾತ್ರಿಯಾಗುತ್ತದೆ, ಸ್ಲಾಟ್ ಖಾಲಿ ಉಳಿಯುತ್ತದೆ. ಅತ್ತ ಜಯನಗರದಲ್ಲಿ ‘ಯಾವಾಗ ಕರೆದರೂ ಆಟೋ ಹತ್ತಿ ಬರ್ತೀನಿ’ ಅಂದ ಅಜ್ಜಿ ಲಿಸ್ಟ್‌ನ ಕೆಳಗೆಲ್ಲೋ ಇರುತ್ತಾರೆ. ಅಂಥವರ ಹೆಸರಿನ ಮುಂದೆ ರಿಮಾರ್ಕ್ಸ್‌ನಲ್ಲಿ ‘ಹತ್ತಿರ’ ಅಂತ ಬರೆದು, ನಾವೇ ಹುಡುಕಿ ಫೋನ್ ಮಾಡುತ್ತೇವೆ. ರಾಹುಕಾಲದ ಕೋರಿಕೆಯೂ ಅಲ್ಲೇ. ‘ಅಕ್ಕ, ಗುರುವಾರ ಒಂದೂವರೆಗೆ ಬೇಡ, ಮೂರು ಗಂಟೆ ಮೇಲೆ ಹಾಕಿ’ ಅನ್ನುವವರು ಮೊದಲ ಭೇಟಿಗೂ ಇದ್ದಾರೆ. ಯಾವ ಸಾಫ್ಟ್‌ವೇರ್ ಇದನ್ನು ಕೇಳುತ್ತದೆ ಹೇಳಿ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಕಾಯುತ್ತಿರುವವರ ಫೋನ್ ನಂಬರ್ ತಿದ್ದಿ ಸೇವ್ ಮಾಡಿದರೆ ಲಿಸ್ಟ್‌ಗೆ ಸೇರಿದ ತಾರೀಖೂ ಇವತ್ತಿನದಾಗಿ, ಆ ಹೆಸರು ಕೊನೆಗೆ ಹೋಗುತ್ತಿತ್ತು. ಸಿಮ್ ಬದಲಿಸಿದ ತಪ್ಪಿಗೆ ಮತ್ತೆ ಮೊದಲಿಂದ ಕಾಯಬೇಕು! ಪತ್ತೆಯಾದದ್ದು ಒಬ್ಬ ರೋಗಿ ಹಳೇ ಚೀಟಿ ತಂದು ಜಗಳ ತೆಗೆದಾಗ. ಎರಡು ಅಪ್‌ಡೇಟ್ ಆದ ಮೇಲೆ ಸರಿಹೋಯಿತು.

2024ರ ಆಗಸ್ಟ್‌ನಲ್ಲಿ ಒಟ್ಟಿಗೆ ಮುಂದೂಡುವ ಬಟನ್‌ನ ಬಂಡವಾಳ ಬಯಲಾಯಿತು. 15 ಗುರುವಾರ ರಜೆ. 16 ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ, ಬರುವವರೇ ಕಮ್ಮಿ. 17 ಶನಿವಾರ ದೇಶದಾದ್ಯಂತ ವೈದ್ಯರ 24 ಗಂಟೆಯ ಮುಷ್ಕರ, ಓಪಿಡಿ ಬಂದ್. 18 ಭಾನುವಾರ. ಶನಿವಾರದವರನ್ನೆಲ್ಲ ಒಂದೇ ಒತ್ತಿಗೆ ಮುಂದಕ್ಕೆ ಹಾಕಿದೆವು. ಸಾಫ್ಟ್‌ವೇರ್ ಪ್ರತಿ ಡಾಕ್ಟರಿಗೆ ಎಲ್ಲಿ ಜಾಗ ಖಾಲಿ ಇದೆಯೋ ಅಲ್ಲಿಗೆ ಕ್ರಮವಾಗಿ ತುಂಬಿತು. ಹೊಲಿಗೆ ಬಿಚ್ಚಿಸಿಕೊಳ್ಳಬೇಕಾದವರು ಸೆಪ್ಟೆಂಬರ್‌ಗೆ ಹೋದರು, ವರ್ಷಕ್ಕೊಮ್ಮೆ ಸುಮ್ನೆ ತೋರಿಸಿಕೊಂಡು ಹೋಗುವವರು ಸೋಮವಾರಕ್ಕೇ ಬಂದರು. ಬುಕ್ ಮಾಡುವಾಗ ‘ಹೊಸಬರು’, ‘ರಿವ್ಯೂ’ ಎಂಬ ಎರಡೇ ಆಯ್ಕೆ ಇದ್ದದ್ದು. ಯಾವ ರಿವ್ಯೂ ಕಾಯಬಹುದು, ಯಾವುದು ಕಾಯಬಾರದು ಅಂತ ಅದಕ್ಕೆ ತಿಳಿಯುವುದಾದರೂ ಹೇಗೆ? ಎಲ್ಲರೂ ಕೂತು ಪಟ್ಟಿ ಪ್ರಿಂಟ್ ತೆಗೆದು, ನರ್ಸ್‌ಗಳನ್ನು ಕೇಳಿ ಗುರುತು ಹಾಕಿ, ಮತ್ತೆ ಎಲ್ಲರಿಗೂ ಫೋನ್ ಮಾಡಿದೆವು.

ಮೊದಲ ಸ್ಲಾಟ್‌ಗೆ ಇಬ್ಬರನ್ನು ಕರೆಯುವ ಸೆಟ್ಟಿಂಗ್ ಒಂದಿದೆ. ಇದು 1952ರಷ್ಟು ಹಳೇ ಲೆಕ್ಕ, ಇಂಗ್ಲೆಂಡಿನ ವೆಲ್ಚ್ ಮತ್ತು ಬೈಲಿ ಎಂಬಿಬ್ಬರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಹೇಳಿದ್ದು. ಮೊದಲಿಗೆ ಇಬ್ಬರು, ಆಮೇಲೆ ಒಬ್ಬೊಬ್ಬರೇ. ಒಬ್ಬರು ತಡವಾದರೂ ಡಾಕ್ಟರು ಖಾಲಿ ಕೂರುವುದಿಲ್ಲ. ಡಾಕ್ಟರೇ ಓಟಿಯಿಂದ (ಆಪರೇಷನ್ ಥಿಯೇಟರ್) ಒಂದು ಗಂಟೆ ತಡವಾಗಿ ಬಂದರೆ ಇಬ್ಬರೂ ನಮ್ಮನ್ನೇ ಬೈಯುತ್ತಾರೆ, ಅಷ್ಟೇ ವ್ಯತ್ಯಾಸ.

ರಿಪೋರ್ಟ್‌ಗಳನ್ನು ಹುಷಾರಾಗಿ ನೋಡಿ. ‘ಸರಾಸರಿ ಕಾಯುವ ದಿನಗಳು’ ಅಂತ ತೋರಿಸುವುದು ಅಪಾಯಿಂಟ್‌ಮೆಂಟ್ ಸಿಕ್ಕವರ ಲೆಕ್ಕ ಮಾತ್ರ. ಇನ್ನೂ ಲಿಸ್ಟ್‌ನಲ್ಲೇ ಕೂತವರು ಅದರಲ್ಲಿಲ್ಲ. ಅಂದರೆ ಜಾಸ್ತಿ ಕಾಯುತ್ತಿರುವವರೇ ಲೆಕ್ಕಕ್ಕಿಲ್ಲ. ಮ್ಯಾನೇಜ್‌ಮೆಂಟ್ ಮೀಟಿಂಗ್‌ನಲ್ಲಿ ಆ ಹಸಿರು ಗ್ರಾಫ್ ನೋಡಿ ಎಲ್ಲರಿಗೂ ಖುಷಿ. ನಾನು ಈಗ ಅದರ ಜೊತೆಗೆ ಅತಿ ಹೆಚ್ಚು ದಿನದಿಂದ ಕಾಯುತ್ತಿರುವ ಹತ್ತು ಜನರ ಪಟ್ಟಿಯನ್ನು ಕೈಯಲ್ಲೇ ಮಾಡಿ ಇಡುತ್ತೇನೆ.

ನೀವು ಕೊಳ್ಳುವುದಾದರೆ ಡೆಮೋದಲ್ಲಿ ಸ್ಲೈಡ್ ನೋಡಿ ತಲೆಯಾಡಿಸಬೇಡಿ. ಕಾಯುತ್ತಿರುವವರ ನಂಬರ್ ನಿಮ್ಮ ಮುಂದೆಯೇ ತಿದ್ದಿಸಿ. ಒಂದು ದಿನದ ಓಪಿಡಿ ಪೂರ್ತಿ ರದ್ದು ಮಾಡಿಸಿ, ಯಾರು ಎಲ್ಲಿಗೆ ಹೋದರು ಅಂತ ನೋಡಿ. ಈ ವರ್ಷದ ನವೀಕರಣಕ್ಕೆ ನಾನು ಬರೆದುಕೊಟ್ಟದ್ದು ಇಷ್ಟೇ: ಕೌಂಟರ್, ಟೋಕನ್, ಎಸ್‌ಎಂಎಸ್ ಮುಂದುವರಿಯಲಿ. ವೇಟಿಂಗ್ ಲಿಸ್ಟ್‌ಗೆ ಬೇರೆ ದುಡ್ಡು ಕೇಳಿದರೆ ಕೊಡುವುದು ಬೇಡ, ಆ ದುಡ್ಡಿನಲ್ಲಿ ಫೋನ್ ಮಾಡಲು ಇನ್ನೊಬ್ಬರನ್ನು ಕೊಡಿ.