ಎಫ್ ಎಂಬ ಒಂದೇ ಅಕ್ಷರ: ಎಡಿಟಿಂಗ್ ಕಂಪ್ಯೂಟರ್, ಒಂದು ಮದುವೆ ಸೀಸನ್ನಿನ ಬಳಿಕ

ಬೀಗರು ಎಸೆದ ಅಕ್ಕಿಕಾಳು ವರನ ತಲೆಗೆ ಬೀಳುವ ಮೊದಲೇ ಗಾಳಿಯಲ್ಲಿ ನಿಂತುಬಿಟ್ಟಿತು. ಅಯ್ಯನವರ ಮಂತ್ರ ಮುಂದಕ್ಕೆ ಸಾಗುತ್ತಿದೆ, ಜಾಂಜ್ ಮೇಳದ ಸದ್ದೂ ಸಾಗುತ್ತಿದೆ, ಚಿತ್ರ ಮಾತ್ರ ಅಲ್ಲೇ. ಮೂರು ಸೆಕೆಂಡು ಕಳೆದು ಒಮ್ಮೆಲೇ ಜಿಗಿದು, ಮದುಮಗಳ ಗಲ್ಲದ ಅರಿಶಿನದ ಮೇಲೆ ಮತ್ತೆ ಹೆಪ್ಪುಗಟ್ಟಿತು. ಹಳೆಯ ಯಂತ್ರವಾಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಇದು 1,18,000 ರೂಪಾಯಿ ಎಣಿಸಿ, ಅದೇ ದಿನ ಹುಬ್ಬಳ್ಳಿಯಿಂದ ಗದಗಿಗೆ ತೊಡೆಯ ಮೇಲೆ ಇಟ್ಟುಕೊಂಡು ತಂದ ಹೊಸ ಕಂಪ್ಯೂಟರ್.

ನನ್ನದು ಬೆಟಗೇರಿಯಲ್ಲಿ ಸಣ್ಣ ಸ್ಟುಡಿಯೊ. ನಾನು ಮಾಡುವ ಕೆಲಸಕ್ಕೆ ಊರವರು ಇಂದಿಗೂ ಎಡಿಟಿಂಗ್ ಎನ್ನುವುದಿಲ್ಲ, ಮಿಕ್ಸಿಂಗ್ ಎನ್ನುತ್ತಾರೆ. ಹನ್ನೆರಡು ವರ್ಷ ಎಡಿಯಸ್ ಎಂಬ ಸಾಫ್ಟ್‌ವೇರಿನಲ್ಲಿ ಮಿಕ್ಸಿಂಗ್ ಮಾಡಿದೆ. ಯಾವ ಕ್ಯಾಮೆರಾದ ಫೈಲ್ ತಂದು ಹಾಕಿದರೂ ಗೊಣಗದೆ ಓಡುತ್ತಿತ್ತು. ಅದರ ಋಣ ದೊಡ್ಡದು. ಆದರೆ ಬಣ್ಣ ತಿದ್ದುವುದು, ರಾತ್ರಿಯ ಮೆರವಣಿಗೆಯ ಚಿತ್ರದಲ್ಲಿ ಹರಿದಾಡುವ ಚುಕ್ಕೆ, ಅಂದರೆ ನಾಯ್ಸ್, ತೆಗೆಯುವುದು, ಧ್ವನಿ ಸರಿಪಡಿಸುವುದು ಒಂದೇ ಕಡೆ ಆಗಲಿ ಎಂದು ಡಾವಿಂಚಿ ರಿಸಾಲ್ವ್ ಎಂಬ ಸಾಫ್ಟ್‌ವೇರಿಗೆ ಬಂದೆ. ಅದೇ ಹೊತ್ತಿಗೆ ತಮ್ಮ ಸೋನಿ ಎ7 4 ಕ್ಯಾಮೆರಾ ಕೊಂಡ. ತೊಂದರೆ ಅಲ್ಲಿಂದ ಶುರುವಾಯಿತು.

ಅಂಗಡಿಯವರು ಕೇಳಿದ್ದು ಒಂದೇ ಪ್ರಶ್ನೆ: "ಬಜೆಟ್ ಎಷ್ಟು ಸರ್?" ಯಾವ ಕ್ಯಾಮೆರಾ, ಯಾವ ಫೈಲ್ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಐ7-13700ಎಫ್ ಪ್ರೊಸೆಸರ್, ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್, 32 ಜಿಬಿ ರ್‍ಯಾಮ್, 2 ಟಿಬಿಯ ಎನ್‌ವಿಎಂಇ ಎಂಬ ವೇಗದ ಡ್ರೈವ್. ಕಾಗದದ ಮೇಲೆ ಯಾರೂ ತಪ್ಪು ಹೇಳುವಂತಿಲ್ಲ. ಗಾಜಿನ ಕ್ಯಾಬಿನೆಟ್ಟಿನೊಳಗೆ ಬಣ್ಣದ ದೀಪ ಬೇರೆ. ಅದನ್ನು ಮೊದಲ ದಿನವೇ ಆರಿಸಿದೆ. ಬಣ್ಣ ತಿದ್ದುವವನ ಪಕ್ಕದಲ್ಲಿ ಜಾತ್ರೆಯ ತೊಟ್ಟಿಲಿನಂತೆ ಮಿನುಗುವ ಪೆಟ್ಟಿಗೆ ಇರಬಾರದು.

ಅಕ್ಕಿಕಾಳು ಗಾಳಿಯಲ್ಲಿ ನಿಂತದ್ದು ಏಕೆಂದು ತಿಳಿಯಲು ಎಂಟು ದಿನ ಬೇಕಾಯಿತು. ಈ ಕ್ಯಾಮೆರಾ 10 ಬಿಟ್, 4:2:2 ಮಾದರಿಯಲ್ಲಿ ಚಿತ್ರ ಬರೆಯುತ್ತದೆ. ತಮ್ಮನ ಹಳೆಯ ಎ7 3 ಬರೆಯುತ್ತಿದ್ದದ್ದು 8 ಬಿಟ್, 4:2:0. ಹೊಸದರಲ್ಲಿ ಬಣ್ಣದ ಮಾಹಿತಿ ಹೆಚ್ಚು, ಫೈಲಿನಲ್ಲಿ ಒತ್ತಿ ಗಂಟು ಕಟ್ಟಿದ ಚಿತ್ರವನ್ನು ಬಿಚ್ಚುವ ಕಷ್ಟವೂ ಹೆಚ್ಚು. ಆ ಗಂಟನ್ನು ಬಿಚ್ಚುವ ಸರ್ಕ್ಯೂಟ್ ಎನ್‌ವಿಡಿಯಾದ 40ರ ಸರಣಿಯ ಕಾರ್ಡುಗಳಲ್ಲಿ ಇಲ್ಲವೇ ಇಲ್ಲ. 2025ರಲ್ಲಿ ಬಂದ 50ರ ಸರಣಿಯಲ್ಲಿ ಸೇರಿಸಿದ್ದಾರೆ. ಇಂಟೆಲ್ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್‌ನಲ್ಲಿ ಎಚ್.265 ಎಂಬ, ವಿಡಿಯೊ ಕುಗ್ಗಿಸಿ ಬರೆಯುವ ವಿಧಾನದ 4:2:2 ಬಿಚ್ಚುವ ಶಕ್ತಿ 11ನೇ ಪೀಳಿಗೆಯಿಂದಲೇ ಇದೆ. ಅದಕ್ಕೆ ಕ್ವಿಕ್ ಸಿಂಕ್ ಎಂದು ಹೆಸರು. ಪ್ರೊಸೆಸರ್ ಹೆಸರಿನ ಕೊನೆಗೆ ಎಫ್ ಇದ್ದರೆ ಆ ಒಳಗಿನ ಗ್ರಾಫಿಕ್ಸ್ ಇಲ್ಲವೆಂದು ಅರ್ಥ. ನನ್ನ ಬಳಿ ಇದ್ದದ್ದು ಎಫ್. ಎರಡು ಸಾವಿರ ರೂಪಾಯಿ ಉಳಿಸಿಕೊಟ್ಟೆವೆಂದು ಅಂಗಡಿಯವರು ಬೆನ್ನು ತಟ್ಟಿಕೊಂಡಿದ್ದ ಅದೇ ಎಫ್.

ಮರಳಿ ಕೊಡಲು ಹೋದರೆ, "ಬಾಕ್ಸ್ ಒಡೆದ ಮೇಲೆ ತೆಗೆದುಕೊಳ್ಳುವುದಿಲ್ಲ ಸರ್" ಎಂದರು. ವಾದ ಮಾಡಿ ಉಪಯೋಗವಿರಲಿಲ್ಲ. ಕೊಪ್ಪೀಕರ್ ರಸ್ತೆಯಲ್ಲಿ ಗಿರ್ಮಿಟ್ ತಿಂದು ತಲೆ ತಣ್ಣಗಾದ ಮೇಲೆ ಬೇರೊಂದು ಕಡೆ ಎಫ್ ಇಲ್ಲದ 13700 ಕೊಂಡೆ. ಸಾಕೆಟ್ ಅದೇ ಆದ್ದರಿಂದ ಮದರ್‌ಬೋರ್ಡ್ ಬದಲಿಸಬೇಕಾಗಲಿಲ್ಲ. ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಇರುವ ಬಯಾಸ್‌ಗೆ ಹೋಗಿ ಒಳಗಿನ ಗ್ರಾಫಿಕ್ಸ್ ಚಾಲೂ ಮಾಡಿ, ರಿಸಾಲ್ವ್‌ನ ಪ್ರಿಫರೆನ್ಸಸ್‌ನಲ್ಲಿ ಡಿಕೋಡ್ (ಬಿಚ್ಚುವ) ಆಯ್ಕೆಗಳ ಕೆಳಗೆ ಕ್ವಿಕ್ ಸಿಂಕ್‌ಗೆ ಟಿಕ್ ಹಾಕಿದೆ. ಅದೇ ಮದುವೆ, ಅದೇ ಕ್ಲಿಪ್. ಅಕ್ಕಿಕಾಳು ತಲೆಯ ಮೇಲೆ ಬಿತ್ತು, ಜಾರಿ ಹೆಗಲ ಮೇಲೂ ಬಿತ್ತು. ನಾಲ್ಕು ಸಲ ಹಿಂದೆ ಮುಂದೆ ಎಳೆದು ನೋಡಿದೆ.

ಇಷ್ಟಕ್ಕೇ ಮುಗಿಯಲಿಲ್ಲ. ನನ್ನ ಪ್ರೊಸೆಸರಿನ ಕ್ವಿಕ್ ಸಿಂಕ್ ಬಿಚ್ಚುವುದು ಎಚ್.265ರ 4:2:2 ಮಾತ್ರ, ಅದಕ್ಕಿಂತ ಹಳೆಯ ವಿಧಾನ ಎಚ್.264ರದ್ದಲ್ಲ. ಸೋನಿಯ ಭಾಷೆಯಲ್ಲಿ ಎಚ್.265 ಎಂದರೆ ಎಕ್ಸ್‌ಎವಿಸಿ ಎಚ್‌ಎಸ್. ನಮ್ಮ 50 ಹರ್ಟ್ಸ್ ವಿದ್ಯುತ್ತಿಗೆ ಹೊಂದುವ ಪಾಲ್ ಸೆಟ್ಟಿಂಗಿನಲ್ಲಿ ಅದು 4ಕೆಗೆ ಸೆಕೆಂಡಿಗೆ 25 ಫ್ರೇಮ್ ಕೊಡುವುದಿಲ್ಲ, 50 ಮಾತ್ರ. ತಮ್ಮನಿಗೆ 25 ಫ್ರೇಮಿನ ಹುಚ್ಚು. ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ 50ಕ್ಕೆ ಒಪ್ಪಿದ. ಹಳೆಯ ಎಚ್.264 ಫೈಲುಗಳಿಗೆ ರಾತ್ರಿ ಮಲಗುವ ಮೊದಲು ಡಿಎನ್‌ಎಕ್ಸ್‌ಎಚ್‌ಆರ್ ಎಲ್‌ಬಿ ಎಂಬ ಮಾದರಿಯಲ್ಲಿ ಪ್ರಾಕ್ಸಿ, ಅಂದರೆ ಎಡಿಟಿಂಗ್ ವೇಳೆ ಸಲೀಸಾಗಿ ಓಡುವ ಹಗುರ ನಕಲು, ಮಾಡಲು ಹಚ್ಚಿ ಹೋಗುತ್ತೇನೆ, ಬೆಳಿಗ್ಗೆ ಸಿದ್ಧವಾಗಿರುತ್ತವೆ.

ಇನ್ನು ಸಾಫ್ಟ್‌ವೇರ್. ರಿಸಾಲ್ವ್ ಉಚಿತ ಆವೃತ್ತಿಯಲ್ಲೇ ಒಂದು ಸ್ಟುಡಿಯೊ ನಡೆಸಬಹುದು, ಫೈಲುಗಳು 8 ಬಿಟ್ ಆಗಿದ್ದರೆ. ಅಕ್ಕಿಕಾಳು ಗಾಳಿಯಲ್ಲಿ ನಿಲ್ಲುವುದಕ್ಕೂ ಮೊದಲು, ಆ ಉಚಿತ ಆವೃತ್ತಿಗೆ ನನ್ನ 10 ಬಿಟ್ ಫೈಲುಗಳನ್ನು ಹಾಕಿದಾಗ ಧ್ವನಿ ಕೇಳಿತು, ಚಿತ್ರ ಬರಲಿಲ್ಲ. ಸ್ಟುಡಿಯೊ ಆವೃತ್ತಿ ಕೊಂಡೆ: 295 ಡಾಲರ್, ಒಂದೇ ಸಲ, ತಿಂಗಳ ಬಾಡಿಗೆ ಇಲ್ಲ, ಒಂದು ಲೈಸೆನ್ಸ್ ಎರಡು ಕಂಪ್ಯೂಟರಿಗೆ. ಮಾಘದಿಂದ ವೈಶಾಖದವರೆಗೆ ಗಳಿಸಿ ಆಷಾಢದಲ್ಲಿ ಕೈಕಟ್ಟಿ ಕೂರುವ ನಮ್ಮಂಥವರಿಗೆ ಒಮ್ಮೆ ಕೊಟ್ಟು ಮುಗಿಸುವುದೇ ನೆಮ್ಮದಿ. ಚಿತ್ರದ ನಾಯ್ಸ್ ರಿಡಕ್ಷನ್ ಇರುವುದೂ ಸ್ಟುಡಿಯೊ ಆವೃತ್ತಿಯಲ್ಲಿ ಮಾತ್ರ. ಹೊಂಬಳದ ಒಂದು ರಾತ್ರಿ ಮೆರವಣಿಗೆಯಲ್ಲಿ ಪೆಟ್ರೋಮ್ಯಾಕ್ಸ್ ಮಾದರಿಯ ಎರಡು ದೀಪ ಬಿಟ್ಟರೆ ಬೆಳಕೇ ಇರಲಿಲ್ಲ. ಡೊಳ್ಳಿನವರ ಕಪ್ಪು ಅಂಗಿಗಳ ಮೇಲೆ ಇರುವೆ ಹರಿದಂತಿದ್ದ ಚುಕ್ಕೆಗಳು ಹೋದವು. ಗ್ರಾಫಿಕ್ಸ್ ಕಾರ್ಡಿಗೆ ಹಾಕಿದ ಹಣ ವಸೂಲಾಗುವುದು ಇಲ್ಲಿ. ಟೈಮ್‌ಲೈನ್ 1080ರಲ್ಲಿ ಇಟ್ಟರೆ ಅದರ 8 ಜಿಬಿ ಮೆಮೊರಿ ಸಾಕಾಗುತ್ತದೆ. ಮದುಮಕ್ಕಳ ಹೆಸರನ್ನು ಮಾತ್ರ ನಾನು ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ಸಾಫ್ಟ್‌ವೇರಿನಲ್ಲಿ ಬರೆದು ಪಿಎನ್‌ಜಿ ಮಾಡಿ ತರುತ್ತೇನೆ. ಆಮಂತ್ರಣ ಪತ್ರಿಕೆಯಲ್ಲಿರುವ ಅಕ್ಷರದ ರೂಪವೇ ಪರದೆಯ ಮೇಲೂ ಇರಲಿ ಎಂಬುದು ನನ್ನ ಹಟ.

ಮಾನಿಟರ್ ವಿಷಯದಲ್ಲಿ ಪಾಠ ಕಲಿಸಿದವರು ಬೆಟಗೇರಿಯ ಒಬ್ಬ ನೇಕಾರಜ್ಜಿ. ಮೊಮ್ಮಗಳ ಮದುವೆಯ ವಿಡಿಯೊ ತೋರಿಸುತ್ತಿದ್ದೆ. ನಿಲ್ಲಿಸಲು ಹೇಳಿ, ಪರದೆಯ ಹತ್ತಿರ ಬಂದು, ಇಳಕಲ್ ಸೀರೆಯ ದಡಿಯ ಮೇಲೆ ಬೆರಳಿಟ್ಟು, "ತಮ್ಮಾ, ಇದು ನಮ್ಮ ಕೆಂಪಲ್ಲ" ಎಂದರು. "ಲೈಟಿನ ಬೆಳಕು ಹಾಗೆ ಬಿದ್ದಿದೆ ಅವ್ವಾ" ಎಂದು ಜಾರಿಕೊಳ್ಳಲು ನೋಡಿದೆ. ಉಟ್ಟಿದ್ದ ಸೀರೆಯ ಟೋಪಿ ತೆನೆಯ ಸೆರಗನ್ನೇ ಪರದೆಗೆ ತಾಗಿಸಿ ಹಿಡಿದರು. ನನ್ನ ಪರದೆಯಲ್ಲಿದ್ದದ್ದು ಕಿತ್ತಳೆಗೆ ತಿರುಗಿದ ಕೆಂಪು. ಧಾರವಾಡದ ಗೆಳೆಯನಿಂದ ಪರದೆಯ ಬಣ್ಣ ಅಳೆಯುವ ಕ್ಯಾಲಿಬ್ರೇಟರ್ ಎರವಲು ತಂದು ನೋಡಿದಾಗ ಹಳೆಯ ಮಾನಿಟರ್ ತಿದ್ದುವ ಸ್ಥಿತಿಯಲ್ಲೇ ಇರಲಿಲ್ಲ. 27 ಇಂಚಿನ ಐಪಿಎಸ್ ಮಾನಿಟರ್ ಕೊಂಡು, ಟಿವಿ ಬಣ್ಣದ ಮಾನದಂಡವಾದ ರೆಕ್ 709ಕ್ಕೆ ಹೊಂದಿಸಿ, ಕಿಟಕಿಗೆ ದಪ್ಪ ಪರದೆ ಹಾಕಿದೆ. ಅಜ್ಜಿಯ ಮನೆಗೆ ಎರಡನೆಯ ಪೆನ್‌ಡ್ರೈವ್ ಹಣ ತೆಗೆದುಕೊಳ್ಳದೆ ಕೊಟ್ಟು ಬಂದೆ.

ಪೆನ್‌ಡ್ರೈವ್ ಎಂದಾಗ ನೆನಪಾಯಿತು. 4ಕೆಯಲ್ಲಿ ಎಷ್ಟೇ ತೆಗೆದರೂ ನಾನು ಕೊಡುವುದು 1080, ಎಚ್.264, 8 ಬಿಟ್. ಹಳ್ಳಿಯ ಹಳೆಯ ಟಿವಿಗಳು ಎಚ್.265 ಕಂಡರೆ ಮುಖ ತಿರುಗಿಸುತ್ತವೆ. ಹಲವು ಟಿವಿಗಳು ಓದುವುದು ಎಫ್‌ಎಟಿ32 ಪೆನ್‌ಡ್ರೈವ್ ಮಾತ್ರ, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ. ಆದ್ದರಿಂದ ಅರಿಶಿನ, ಸುರಗಿ, ಅಕ್ಕಿಕಾಳು, ಮೆರವಣಿಗೆ ಎಂದು ಅರ್ಧರ್ಧ ಗಂಟೆಯ ಭಾಗ ಮಾಡುತ್ತೇನೆ. ಅಜ್ಜ ಅಜ್ಜಿಯರಿಗೂ ತಮಗೆ ಬೇಕಾದ ಭಾಗ ಸಿಗುತ್ತದೆ.

ಜಾಗದ ಲೆಕ್ಕ ಹೇಳಿಬಿಡುತ್ತೇನೆ, ಕೊಳ್ಳುವವರಿಗೆ ಬೇಕಾಗುತ್ತದೆ. 200 ಎಂಬಿಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ 200 ಮೆಗಾಬಿಟ್ ಬರೆದರೆ, ಒಂದು ಗಂಟೆಗೆ 90 ಜಿಬಿ. ಎರಡು ದಿನದ ಮದುವೆಯಲ್ಲಿ ಆರು ಗಂಟೆ ತೆಗೆದರೆ 540 ಜಿಬಿ. 2 ಟಿಬಿ ಎನ್‌ವಿಎಂಇಯಲ್ಲಿ ಮೂರು ಮದುವೆ ಕೂರುತ್ತವೆ, ನಾಲ್ಕನೆಯದಕ್ಕೆ ಬಾಗಿಲಲ್ಲಿ ನಿಲ್ಲಬೇಕು. ಕಾರ್ಡಿನಿಂದ ನಕಲು ಮಾಡಲು ರಿಸಾಲ್ವ್‌ನ ಕ್ಲೋನ್ ಟೂಲ್ ಬಳಸುತ್ತೇನೆ. ಎರಡು ಹಾರ್ಡ್ ಡಿಸ್ಕ್‌ಗೆ ಒಮ್ಮೆಗೇ ಬರೆದು ತಾಳೆಯನ್ನೂ ನೋಡುತ್ತದೆ. ಒಂದು ಡಿಸ್ಕ್ ಅಂಗಡಿಯಲ್ಲಿ, ಇನ್ನೊಂದು ಮನೆಯ ಟ್ರೆಜರಿಯಲ್ಲಿ ಹೆಂಡತಿಯ ಚಿನ್ನದ ಪಕ್ಕ.

600 ವಿಎ ಯುಪಿಎಸ್ ಸಾಕೆಂದು ಹೇಳಿದವರ ಮಾತು ಕೇಳಬೇಡಿ. ರೆಂಡರ್ ನಡುವೆ ಕರೆಂಟ್ ಹೋದಾಗ ಅದು ಒಮ್ಮೆ ಕೂಗಿ ಕಂಪ್ಯೂಟರಿನ ಜೊತೆಗೇ ಮಲಗಿತು. 1 ಕೆವಿಎ ಹಾಕಿದ ಮೇಲೆ ಸೇವ್ ಮಾಡಿ ಎದ್ದು ಬರುವಷ್ಟು ಸಮಯ ಸಿಗುತ್ತಿದೆ. ಗದಗಿನ ಗಾಳಿಗೆ ಫ್ಯಾನಿನ ಜಾಳಿಗೆ ಹದಿನೈದು ದಿನಕ್ಕೊಮ್ಮೆ ಬ್ಲೋವರ್ ಹಿಡಿಯದಿದ್ದರೆ ಕೆಂಪು ಮಣ್ಣಿನ ಕಂಬಳಿ ಹೊದ್ದುಕೊಳ್ಳುತ್ತದೆ.

ಅಂಕ ಕೊಡಲೇಬೇಕೆಂದರೆ ರಿಸಾಲ್ವ್ ಸ್ಟುಡಿಯೊಗೆ ಐದಕ್ಕೆ ನಾಲ್ಕೂವರೆ, ಈಗಿನ ಕಂಪ್ಯೂಟರಿಗೆ ನಾಲ್ಕು, ಅಂದು ತೊಡೆಯ ಮೇಲೆ ಹೊತ್ತು ತಂದದ್ದಕ್ಕೆ ಎರಡು. ಹೊಸದಾಗಿ ಕೊಳ್ಳುವವರು ತಮ್ಮ ಕ್ಯಾಮೆರಾದ ಒಂದು ಕ್ಲಿಪ್ಪನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೋಗಿ, ಅಂಗಡಿಯಲ್ಲೇ ಓಡಿಸಿ ನೋಡಿ, ಆಮೇಲೆ ಹಣ ಎಣಿಸಲಿ.

ಆ ಎಫ್ ಪ್ರೊಸೆಸರನ್ನು ಅರ್ಧ ಬೆಲೆಗೆ ಅಕ್ಕನ ಮಗ ಒಯ್ದ. ಮೊನ್ನೆ ಬಂದಿದ್ದಾಗ, "ಮಾಮಾ, ಗೇಮ್ ಒಂದು ಸಲವೂ ನಿಂತಿಲ್ಲ" ಎಂದ.