ಸ್ಕಾರ್ಲೆಟ್ ಸೋಲೋ ತಗೊಳ್ಳೋದಾ, 2ಐ2 ತಗೊಳ್ಳೋದಾ?

ಮೈಕ್, ಗಿಟಾರನ್ನು ಕಂಪ್ಯೂಟರಿಗೆ ಜೋಡಿಸಿ ರೆಕಾರ್ಡ್ ಮಾಡಲು ಬಳಸುವ, ಫೋಕಸ್‌ರೈಟ್‌ನ ನಾಲ್ಕನೇ ತಲೆಮಾರಿನ ಈ ಎರಡು ಆಡಿಯೋ ಇಂಟರ್‌ಫೇಸ್‌ಗಳ ಮುಖ್ಯ ವ್ಯತ್ಯಾಸ ಮೈಕ್ ಪ್ರೀಆಂಪ್ (ಮೈಕ್‌ನ ಸಣ್ಣ ಸಿಗ್ನಲನ್ನು ಹಿಗ್ಗಿಸುವ ಭಾಗ): ಸೋಲೋದಲ್ಲಿ ಒಂದು, 2ಐ2ನಲ್ಲಿ ಎರಡು. ಹಾಡುತ್ತಾ ಗಿಟಾರನ್ನು ನೇರ ಕೇಬಲ್‌ನಲ್ಲಿ ಕೊಡುವವರಿಗೆ ಸೋಲೋ ಧಾರಾಳವಾಗಿ ಸಾಕು. ಹಾಡಿಗೊಂದು, ಮೃದಂಗಕ್ಕೊಂದು ಮೈಕ್ ಇಡಬೇಕೆಂದರೆ 2ಐ2 ಅನ್ನೇ ಕೊಳ್ಳಿ. ಸೋಲೋದ ಇನ್ನೊಂದು ಇನ್‌ಪುಟ್ ಗಿಟಾರಿನಂಥದ್ದಕ್ಕೆ, ಮೈಕ್‌ಗಲ್ಲ.

ಗೇನ್, ಅಂದರೆ ಸಿಗ್ನಲನ್ನು ಗರಿಷ್ಠ ಎಷ್ಟು ಹಿಗ್ಗಿಸಬಹುದು ಎಂಬುದನ್ನೂ ನೋಡಿ: ಸೋಲೋ 57 ಡಿಬಿ, 2ಐ2 69 ಡಿಬಿ. ಶೂರ್ ಎಸ್‌ಎಂ7ಬಿಯಂಥ ಕ್ಷೀಣ ಸಿಗ್ನಲ್‌ನ ಡೈನಾಮಿಕ್ ಮೈಕ್‌ಗೆ 60 ಡಿಬಿಯಾದರೂ ಬೇಕು. ಕಂಡೆನ್ಸರ್‌ಗೆ ಎರಡೂ ಸರಿ, ಅದಕ್ಕೆ ವಿದ್ಯುತ್ ಕೊಡುವ 48 ವೋಲ್ಟ್ ಬಟನ್ ಒತ್ತಲು ಮರೆಯಬೇಡಿ.

ಯಾವುದನ್ನೇ ಕೊಂಡರೂ, ತಾರಸ್ಥಾಯಿಯಲ್ಲಿ ಗಟ್ಟಿಯಾಗಿ ಹಾಡಿದಾಗ ರೆಕಾರ್ಡಿಂಗ್ ಸಾಫ್ಟ್‌ವೇರಿನ ಮೀಟರ್ ಮೈನಸ್ 12 ಡಿಬಿ ಆಸುಪಾಸಿನಲ್ಲಿರಲಿ. ಹೆಡ್‌ಫೋನ್‌ನಲ್ಲಿ ದನಿ ಎರಡೆರಡು ಸಲ ಕೇಳಿಸಿದರೆ, ಡೈರೆಕ್ಟ್ ಮಾನಿಟರ್ (ದನಿಯನ್ನು ಇಂಟರ್‌ಫೇಸ್‌ನಿಂದಲೇ ನೇರ ಕೇಳಿಸುವುದು) ಜೊತೆ ಸಾಫ್ಟ್‌ವೇರ್ ಮಾನಿಟರಿಂಗ್ (ಕಂಪ್ಯೂಟರಿನ ಮೂಲಕ ಕೇಳಿಸುವುದು) ಕೂಡ ಆನ್ ಆಗಿದೆ ಎಂದರ್ಥ. ಸಾಫ್ಟ್‌ವೇರಿನದನ್ನು ಆಫ್ ಮಾಡಿ.