ತಣ್ಣೀರಿನ ಟಬ್ ಸರಿ, ನೀರು ಹೋಗುವುದೆಲ್ಲಿಗೆ?

ಎಂಟು ತಿಂಗಳಿಂದ ಮನೆಯಲ್ಲಿ ಕೋಲ್ಡ್ ಪ್ಲಂಜ್ ಟಬ್ ಇಟ್ಟುಕೊಂಡಿದ್ದೇನೆ. ಟಬ್, ನೀರು ತಣ್ಣಗೆ ಮಾಡುವ ಚಿಲ್ಲರ್, ಪಂಪು, ಫಿಲ್ಟರ್ ಎಲ್ಲ ಒಟ್ಟಿಗೇ ಬಂದ ಕಿಟ್. ತಣ್ಣೀರಲ್ಲಿ ಕೂತರೆ ಮೈಗೆ ಏನಾಗುತ್ತದೆ ಅಂತ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ಅದು ಇಲ್ಲಿ ಬೇಡ. ನಾನು ಬರೆಯುವುದು ಪೈಪಿನ ಬಗ್ಗೆ. ಯಾಕೆಂದರೆ ದಿನಕ್ಕೆ ಮೂರು ನಿಮಿಷ ನೀರಲ್ಲಿ ಕೂತರೆ, ಮೊದಲ ಎರಡು ತಿಂಗಳು ಅದರ ಹತ್ತರಷ್ಟು ಹೊತ್ತು ಒದ್ದೆ ನೆಲದ ಮೇಲೆ ಸ್ಪ್ಯಾನರ್ ಹಿಡಿದು ಕೂತಿದ್ದೆ.

ತಣ್ಣಗೆ ಮಾಡುವ ವಿಷಯದಲ್ಲಿ ತಕರಾರಿಲ್ಲ. 10 ಡಿಗ್ರಿಗೆ ಇಟ್ಟರೆ 10 ಡಿಗ್ರಿ ತೋರಿಸುತ್ತದೆ. ಮುಚ್ಚಳ ಗಟ್ಟಿಯಾಗಿದೆ. ಇಷ್ಟು ಸಾಕು.

ಈಗ ನೀರು ಹೊರಗೆ ಬಿಡುವ ಕಥೆ. ಟಬ್‌ಗೆ ಸುಮಾರು 400 ಲೀಟರ್ ನೀರು ಹಿಡಿಯುತ್ತದೆ. ಅಷ್ಟು ನೀರಿಗೆ ಕೊಟ್ಟಿರುವ ತೂತು ಮುಕ್ಕಾಲು ಇಂಚು, ಅದೂ ತಳದಲ್ಲಲ್ಲ, ಪಕ್ಕದ ಗೋಡೆಯಲ್ಲಿ, ತಳಕ್ಕಿಂತ ಎರಡು ಇಂಚು ಮೇಲೆ! ಅದಕ್ಕೆ ತೋಟಕ್ಕೆ ನೀರು ಬಿಡುವಂಥ ತೆಳು ಹೋಸ್ ಸಿಕ್ಕಿಸಬೇಕು. ಮೊದಲ ಸಲ ಖಾಲಿ ಮಾಡಿದಾಗ ಅರ್ಧ ಟಬ್ 15 ನಿಮಿಷದಲ್ಲಿ ಇಳಿಯಿತು, ಪರವಾಗಿಲ್ಲವಲ್ಲ ಅಂದುಕೊಂಡೆ. ಉಳಿದ ಅರ್ಧಕ್ಕೆ 35 ನಿಮಿಷ ಬೇಕಾಯಿತು. ಇದರಲ್ಲಿ ಮಾಯೆ ಏನಿಲ್ಲ, ನೀರನ್ನು ತಳ್ಳುವುದು ಮೇಲಿರುವ ನೀರಿನ ಭಾರವೇ ಆದ್ದರಿಂದ ಮಟ್ಟ ಇಳಿದಂತೆ ತಳ್ಳುವ ಬಲವೂ ಇಳಿಯುತ್ತದೆ, ಕೊನೆಗೆ ಹೋಸ್ ತುದಿಯಲ್ಲಿ ಬೆರಳು ದಪ್ಪದ ಧಾರೆ ಬರುತ್ತಿರುತ್ತದೆ, ನೀವು ಅದನ್ನೇ ನೋಡುತ್ತಾ ನಿಂತಿರುತ್ತೀರಿ. ಅಲ್ಲಿಗೂ ಮುಗಿಯಲಿಲ್ಲ. ತೂತಿನ ಕೆಳಗಿನ ಎರಡು ಇಂಚಿನಲ್ಲಿ ಸುಮಾರು 30 ಲೀಟರ್ ಉಳಿಯಿತು, ಕೂದಲು, ಮಣ್ಣು, ಲೋಳೆ ಎಲ್ಲ ಬಂದು ಕೂತಿರುವುದೂ ಅಲ್ಲೇ. ಮಗ್ಗು, ಬಕೆಟ್ಟು, ಸ್ಪಂಜು. ಕಂಪನಿಯ ಫೋಟೋದಲ್ಲಿ ನಗುತ್ತಾ ಕೂತಿರುವವರು ಯಾರೂ ಕೈಯಲ್ಲಿ ಸ್ಪಂಜು ಹಿಡಿದಿಲ್ಲ.

ಮೂರನೇ ಸಲಕ್ಕೆ ತಾಳ್ಮೆ ಕೆಟ್ಟಿತು. ಪ್ಲಂಬರ್ ಕರೆಸಿ ತಳದಲ್ಲೇ ಒಂದೂವರೆ ಇಂಚಿನ ತೂತು ಕೊರೆಸಿ ಟ್ಯಾಂಕ್ ನಿಪ್ಪಲ್ (ತೂತಿಗೆ ಪೈಪ್ ಜೋಡಿಸುವ ತುಂಡು) ಹಾಕಿಸಿದೆ, ಕೆಳಗೆ ಎಲ್ಬೋ, ಅಂದರೆ ಪೈಪನ್ನು ಪಕ್ಕಕ್ಕೆ ತಿರುಗಿಸುವ ತುಂಡು, ಆಮೇಲೆ ಹಿಡಿ ತಿರುಗಿಸಿ ನೀರು ನಿಲ್ಲಿಸುವ ಬಾಲ್ ವಾಲ್ವ್. ಟಬ್ ಪಾಲಿಥೀನ್‌ದು, ಅದಕ್ಕೆ ಗಮ್ ಸರಿಯಾಗಿ ಹಿಡಿಯುವುದಿಲ್ಲ, ಹಾಗಾಗಿ ಒಳಗೂ ಹೊರಗೂ ರಬ್ಬರ್ ವಾಷರ್ ಕೊಟ್ಟು ಬಿಗಿಯಬೇಕು. ವಾರಂಟಿ ಹೋಯಿತು, ಗೊತ್ತಿದ್ದೇ ಮಾಡಿದ್ದು. ಅಡಿಯಲ್ಲಿ ಎಲ್ಬೋಗೆ ಜಾಗ ಬೇಕಲ್ಲ, ಅದಕ್ಕೆ ಟಬ್ ಪೂರ್ತಿ ಕೂರುವ ಹಾಗೆ ಇಟ್ಟಿಗೆ ಕಟ್ಟೆ ಕಟ್ಟಿಸಿ ಮಧ್ಯೆ ಒಂದು ಸಂದು ಬಿಡಿಸಿದೆ. ನಾಲ್ಕು ಮೂಲೆಗೆ ನಾಲ್ಕು ಕಲ್ಲು ಕೊಟ್ಟು ಎತ್ತುವ ಉಪಾಯ ಮಾತ್ರ ಬೇಡ. 400 ಲೀಟರ್ ಅಂದರೆ 400 ಕೆಜಿ, ಮೇಲೆ ಟಬ್, ಮೇಲೆ ನೀವು, ಅರ್ಧ ಟನ್‌ಗೆ ಹತ್ತಿರ ಬಂತು. ಮಹಡಿಯ ಮೇಲೋ ಬಾಲ್ಕನಿಯಲ್ಲೋ ಇಡುವವರು ಟಬ್ ತರುವ ಮೊದಲೇ ಎಂಜಿನಿಯರ್ ಹತ್ತಿರ ಕೇಳಿಕೊಳ್ಳಿ.

ಹೊಸ ವಾಲ್ವ್ ಪೂರ್ತಿ ತಿರುಗಿಸಿದ ದಿನ ಖುಷಿಯೋ ಖುಷಿ. ಎರಡು ನಿಮಿಷ ಮಾತ್ರ. ತೂತಿನ ಅಳತೆ ಎರಡರಷ್ಟಾದರೆ ನೀರು ಹೋಗುವ ಜಾಗ ನಾಲ್ಕರಷ್ಟಾಗುತ್ತದೆ, ಅಷ್ಟು ನೀರನ್ನು ಬಾತ್‌ರೂಮಿನ ನಹಾನಿ ಟ್ರ್ಯಾಪ್ (ನೆಲದಲ್ಲಿ ನೀರು ಹೋಗುವ ಬಾಯಿ) ನುಂಗಬೇಕಲ್ಲ? ನುಂಗಲಿಲ್ಲ. ಹೊಸ್ತಿಲು ದಾಟಿ ನೀರು ರೂಮಿಗೆ ಬಂತು. ಟ್ರ್ಯಾಪ್ ಎಷ್ಟು ಎಳೆಯುತ್ತದೋ ಅಷ್ಟೇ ವಾಲ್ವ್ ತೆರೆಯಬೇಕು ಅನ್ನುವ ಬುದ್ಧಿ ಅವತ್ತು ಬಂತು. ಈಗ ಮೊದಲು ಅರ್ಧಕ್ಕೆ ಬಿಟ್ಟು, ಮಟ್ಟ ಇಳಿದ ಮೇಲೆ ಪೂರ್ತಿ ತೆರೆಯುತ್ತೇನೆ, 12 ನಿಮಿಷದಲ್ಲಿ ಟಬ್ ಖಾಲಿ. ನೆಲದ ವಾಟ (ಇಳಿಜಾರು) ಕೂಡ ಟ್ರ್ಯಾಪ್ ಕಡೆಗೇ ಇದೆಯಾ ಅಂತ ಒಂದು ಬಕೆಟ್ ನೀರು ಸುರಿದು ನೋಡಿಬಿಡಿ. ಟಬ್ ಇಟ್ಟ ಮೇಲೆ ವಾಟ ಸರಿ ಮಾಡಿಸುವುದು ಅಂದರೆ ಎಲ್ಲ ಬಿಚ್ಚಿದ ಹಾಗೆ.

ಇನ್ನು ಪಂಪು. ಪುಸ್ತಕದಲ್ಲಿ 'ಟಬ್ ಪಕ್ಕದಲ್ಲಿ ಇಡಿ' ಅಂತ ಒಂದೇ ಸಾಲು. ನಾನು ಜಾಗ ಉಳಿಯಲಿ ಅಂತ ಶೆಲ್ಫ್ ಮೇಲೆ ಇಟ್ಟೆ. ಈ ಪಂಪು ತಾನಾಗಿ ನೀರು ಎಳೆದುಕೊಳ್ಳುವ ಜಾತಿಯದಲ್ಲ, ನೀರಿನ ಮಟ್ಟಕ್ಕಿಂತ ಕೆಳಗಿದ್ದು ನೀರು ತಾನೇ ಹರಿದು ಬಂದು ತುಂಬಿಕೊಳ್ಳಬೇಕು. ಶೆಲ್ಫ್ ಮೇಲೆ ಅದು ಒಣಗಿಕೊಂಡೇ ಗರಗರ ಅಂದಿತು. ಹಾಗೆ ಬಿಟ್ಟಿದ್ದರೆ ಸೀಲ್ ಸುಟ್ಟು ಹೋಗುತ್ತಿತ್ತು. ಕೆಳಗೆ ಇಳಿಸಿದ ಮೇಲೂ ಒಳಗೆ ಗಾಳಿ ಸಿಕ್ಕಿಕೊಂಡು ಏರ್ ಲಾಕ್ ಆಗಿ ಸತಾಯಿಸಿತು, ಆಗ ಫಿಲ್ಟರ್ ಡಬ್ಬಕ್ಕೆ ಕೈಯಿಂದ ನೀರು ತುಂಬಿ, ಪಂಪಿನಿಂದ ಹೊರಗೆ ಹೋಗುವ ಪೈಪಿನ ಜಾಯಿಂಟ್ ಸ್ವಲ್ಪ ಸಡಿಲ ಮಾಡಿ, ಗಾಳಿ ಹೋಗಿ ನೀರು ಬಂದ ತಕ್ಷಣ ಬಿಗಿದರೆ ಸರಿಯಾಗುತ್ತದೆ.

ಫಿಲ್ಟರ್ ತೊಳೆಯುವುದು ಇನ್ನೊಂದು ತಮಾಷೆ. ಕಿಟ್‌ನಲ್ಲಿ ಎಲ್ಲೂ ವಾಲ್ವ್ ಇಲ್ಲ! ಫಿಲ್ಟರ್ ಬಿಚ್ಚಿದರೆ ಟಬ್‌ನ ನೀರೆಲ್ಲ ಆ ಪೈಪಿನಿಂದಲೇ ಹೊರಗೆ. ಮೊದಮೊದಲು ಹೆಬ್ಬೆರಳಿನಿಂದ ಪೈಪ್ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಫಿಲ್ಟರ್ ತೊಳೆಯುತ್ತಿದ್ದೆ, ಮನೆಯವರು ವಿಡಿಯೋ ಮಾಡಿಟ್ಟುಕೊಂಡಿದ್ದಾರೆ. ಆಮೇಲೆ ಟಬ್‌ನಿಂದ ಹೋಗುವ ಕಡೆ ಒಂದು, ಬರುವ ಕಡೆ ಒಂದು ಬಾಲ್ ವಾಲ್ವ್ ಹಾಕಿ, ಪಂಪಿನ ಎರಡೂ ಬದಿಗೆ ಯೂನಿಯನ್ (ಪೈಪ್ ಕತ್ತರಿಸದೆ ಬಿಚ್ಚಿ ಹಾಕಬಹುದಾದ ಜಾಯಿಂಟ್) ಹಾಕಿಸಿದೆ. ಈಗ ಎರಡು ಹಿಡಿ ತಿರುಗಿಸಿದರೆ ಪಂಪು, ಫಿಲ್ಟರ್ ಎರಡನ್ನೂ ಬಿಚ್ಚಿ ಹೊರಗೆ ಒಯ್ಯಬಹುದು. ಇಡೀ ಕೆಲಸದಲ್ಲಿ ದುಡ್ಡು ಸಾರ್ಥಕ ಆಗಿದ್ದು ಇದಕ್ಕೇ. ಒಂದು ಜಾಯಿಂಟ್ ಮಾತ್ರ ನನ್ನ ಕೈಯಿಂದಲೇ ಸೀಳಿತು. ಪ್ಲಾಸ್ಟಿಕ್ ತಿರುಪಿನ ಸುತ್ತುಗಳಿಗೆ ಟೆಫ್ಲಾನ್ ಟೇಪ್ ಸುತ್ತಿ ಕೈಯಲ್ಲಿ ಬಿಗಿದು, ಆಮೇಲೆ ಸ್ಪ್ಯಾನರ್‌ನಲ್ಲಿ ಒಂಚೂರು ತಿರುಗಿಸಿದರೆ ಸಾಕಿತ್ತು, ನಾನು ಕೋಪವನ್ನೂ ಸೇರಿಸಿ ತಿರುಗಿಸಿದ್ದೆ.

ನೀರು ಎಳೆಯುವ ಬಾಯಿ, ವಾಪಸ್ ಬಿಡುವ ಬಾಯಿ ಎರಡೂ ಒಂದೇ ಪಕ್ಕ, ಗೇಣು ದೂರದಲ್ಲಿವೆ. ತಣ್ಣಗಾದ ನೀರು ಬಂದದ್ದೇ ಮತ್ತೆ ಅಲ್ಲೇ ಎಳೆದುಕೊಂಡು ಹೋಗುತ್ತದೆ, ಚಿಲ್ಲರ್ 10 ಅಂತ ತೋರಿಸುತ್ತಿದ್ದರೆ ಟಬ್‌ನ ಆ ತುದಿಯಲ್ಲಿ ಥರ್ಮಾಮೀಟರ್ 13 ಅನ್ನುತ್ತಿತ್ತು. ಒಳಗಡೆ ಒಂದು ಎಲ್ಬೋ ಸಿಕ್ಕಿಸಿ ಧಾರೆಯನ್ನು ಆ ಕಡೆಗೆ ತಿರುಗಿಸಿದೆ, ಸರಿಹೋಯಿತು. ಎಳೆಯುವ ಬಾಯಿಗೆ ಜಾಲರಿ ಇದೆ, ಅದನ್ನು ತೆಗೆದಿಟ್ಟು ಟಬ್‌ಗೆ ಇಳಿಯಬೇಡಿ, ಕೂದಲು ಸಿಕ್ಕಿಕೊಂಡರೆ ಕಷ್ಟ.

ಎರಡು ದಿನ ಲೀಕ್ ಹುಡುಕಿದ್ದನ್ನೂ ಹೇಳಿಬಿಡುತ್ತೇನೆ. ಪೈಪಿನ ಕೆಳಗೆ ಯಾವಾಗಲೂ ನೀರು. ಎಲ್ಲ ಜಾಯಿಂಟ್ ಬಿಚ್ಚಿ ಮತ್ತೆ ಹಾಕಿದೆ, ಆದರೂ ನೀರು. ಕೊನೆಗೆ ನೋಡಿದರೆ ಲೀಕೇ ಅಲ್ಲ, ತಣ್ಣನೆ ಪೈಪು ಬೆವರುತ್ತಿತ್ತು. ಚಿಲ್ಲರ್ ಆರಿಸಿ, ಪೈಪ್ ಒರೆಸಿ, ನೀರು ಬೆಚ್ಚಗಾಗಲು ಬಿಟ್ಟು ನೋಡಿ, ಆಗಲೂ ಒದ್ದೆಯಾದರೆ ಮಾತ್ರ ಲೀಕ್. ಪೈಪಿಗೆ ಫೋಮ್ ತೋಳು ಹಾಕಿದ ಮೇಲೆ ನೆಲ ಒಣಗಿದೆ.

ಟಬ್ ಅಂಚಿನವರೆಗೆ ತುಂಬಬೇಡಿ. 70 ಕೆಜಿ ಮನುಷ್ಯ ಕುತ್ತಿಗೆವರೆಗೆ ಕೂತರೆ ಹತ್ತಿರ ಹತ್ತಿರ ಅಷ್ಟೇ ಲೀಟರ್ ನೀರು ಮೇಲೇರುತ್ತದೆ, ಉಕ್ಕಿದ ನೀರು ಹೋಗಲು ಈ ಟಬ್‌ಗೆ ಬೇರೆ ದಾರಿಯೂ ಇಲ್ಲ. ಒಳಗೆ ಮಾರ್ಕರ್‌ನಲ್ಲಿ ಒಂದು ಗೆರೆ ಹಾಕಿದ್ದೇನೆ. ತುಂಬುವಾಗ ಹೋಸ್ ತುದಿ ನೀರಲ್ಲಿ ಮುಳುಗಿರಬಾರದು, ನಲ್ಲಿಯಲ್ಲಿ ಒತ್ತಡ ಬಿದ್ದರೆ ಟಬ್‌ನ ನೀರು ಕುಡಿಯುವ ನೀರಿನ ಪೈಪಿಗೆ ವಾಪಸ್ ಹೋಗಬಹುದು. ಚರಂಡಿ ಕಡೆಗೂ ಅಷ್ಟೇ, ಹೊರಹೋಗುವ ಪೈಪಿನ ತುದಿ ಟ್ರ್ಯಾಪ್‌ಗಿಂತ ಸ್ವಲ್ಪ ಮೇಲೆ ನಿಲ್ಲಲಿ. ಗಿಡಕ್ಕೆ ಬಿಡುವುದಾದರೆ, ನೀರು ಕೆಡದಿರಲಿ ಅಂತ ಟಬ್‌ಗೆ ಕ್ಲೋರಿನ್ ಹಾಕುವುದು ನಿಲ್ಲಿಸಿ, ಮುಚ್ಚಳ ತೆಗೆದಿಟ್ಟು, ಕ್ಲೋರಿನ್ ಅಳೆಯುವ ಟೆಸ್ಟ್ ಸ್ಟ್ರಿಪ್ ಸೊನ್ನೆ ತೋರಿಸುವವರೆಗೆ ಕಾಯಿರಿ. ಸೆಪ್ಟಿಕ್ ಟ್ಯಾಂಕ್ ಇರುವವರು ಇಷ್ಟೂ ನೀರನ್ನು ಒಮ್ಮೆಗೇ ಅದಕ್ಕೆ ನುಗ್ಗಿಸಬೇಡಿ, ಅಡಿಯ ಹೂಳು ಕದಡಿ ಮುಂದಕ್ಕೆ ಹೋಗುತ್ತದೆ. ಕರೆಂಟಿಗೆ 30 ಮಿಲಿಆಂಪಿಯರ್ ಆರ್‌ಸಿಡಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಇಲ್ಲದೆ ಚಿಲ್ಲರ್ ಆನ್ ಮಾಡುವ ಯೋಚನೆಯೇ ಬೇಡ.

ಚಿಲ್ಲರ್‌ಗೆ ಐದಕ್ಕೆ ನಾಲ್ಕೂವರೆ, ಟಬ್‌ಗೆ ನಾಲ್ಕು, ಪೈಪಿನ ವ್ಯವಸ್ಥೆಗೆ ಎರಡು ಕೊಡುತ್ತೇನೆ, ಆ ಎರಡೂ ಜಾಲರಿಗೆ. ಕಂಪನಿಗೆ ಬರೆದೆ. ತೂತು ತಳದಲ್ಲಿ ಯಾಕಿಲ್ಲ ಅಂತ ಕೇಳಿದ್ದಕ್ಕೆ, ಉಳಿದ ನೀರು ತೆಗೆಯಲು ಚಿಕ್ಕ ಪಂಪು ಪ್ರತ್ಯೇಕವಾಗಿ ಸಿಗುತ್ತದೆ ಅಂತ ಉತ್ತರ ಬಂತು, ಜೊತೆಗೆ ಅದರ ಲಿಂಕ್.